ಗಂಗಾಧರಸ್ವಾಮಿಯವರು ಒಟ್ಲು ನೋಡಿದ್ದು

ನಂಜನಗೂಡಿನ ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಗಂಗಾಧರಸ್ವಾಮಿಯವರಿಗೆ ಬೇಸಾಯ ಚೆನ್ನಾಗಿ ಬರುತ್ತದೆ ಎಂಬುದು ಅವರೊಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ನೇಗಿಲು ಹಿಡಿದವರಲ್ಲ, ಗದ್ದೆಗೆ ಇಳಿದವರಲ್ಲ. ಆದರೆ ಎಷ್ಟೋ ವರ್ಷದಿಂದ ತಾಲ್ಲೂಕಿನ ಪಹಣಿಗಳೆಲ್ಲ ಅವರ ಮೆಷಿನ್ನಿನ ಗಾಜಿನ ಮೇಲೆ ಬೋರಲು ಮಲಗಿ ಎದ್ದುಹೋಗಿವೆ. ಯಾರಿಗೆ ತರಿ ಎಷ್ಟು, ಖುಷ್ಕಿ ಎಷ್ಟು, ಯಾರ ಸರ್ವೆ ನಂಬರಿನಲ್ಲಿ ಭತ್ತ, ಯಾರದರಲ್ಲಿ ಕಬ್ಬು ಎಂದು ಓದಿ ಓದಿ ಅವರು ನೆರಳಿನಲ್ಲೇ ಕೂತು ರೈತರಾಗಿದ್ದರು. ಅವರ ಕೈಗೆ ಮಣ್ಣು ಅಂಟಿರಲಿಲ್ಲ, ಅಂಟಿದ್ದೆಲ್ಲ ಟೋನರಿನ ಮಸಿ.

ನಾನು ಪಕ್ಕದ ಫೋಟೊ ಸ್ಟುಡಿಯೋದ ಕಾಂತರಾಜು. ಅರ್ಜಿಗೆ ಅವರು ಜೆರಾಕ್ಸ್ ಮಾಡಿದರೆ ಅದಕ್ಕೆ ಅಂಟಿಸುವ ಮುಖ ನನ್ನ ಕಡೆಯಿಂದ ಹೋಗುತ್ತದೆ. ಆದ್ದರಿಂದ ಅವರನ್ನು ಹತ್ತಿರದಿಂದ ಬಲ್ಲೆ. ಮನುಷ್ಯ ಅಪ್ಪಟ ಒಳ್ಳೆಯವರು. ಬಾಯಿ ಮಾತ್ರ ಸ್ವಲ್ಪ ಮುಂದೆ ಓಡುತ್ತದೆ, ಮನುಷ್ಯ ಹಿಂದಿನಿಂದ ಏದುಸಿರು ಬಿಡುತ್ತಾ ಬರುತ್ತಾರೆ.

ಅವರ ಒಬ್ಬಳೇ ಮಗಳು ಶಿವರಂಜನಿ ನಮ್ಮೂರಿನ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಟಿ. ನರಸೀಪುರದ ಕಡೆ ಮಲ್ಲಯ್ಯನಹುಂಡಿಯ ನಂಜೇಶ್ ಅವಳನ್ನು ನೋಡಿ ಹೋಗಿದ್ದ. ಅವನದು ನಾಲೆ ನೀರಿನ ಗದ್ದೆ, ಎರಡು ಹಸು, ಮಾತು ಕಡಮೆ. ಅವಳು ಒಪ್ಪಿದ್ದಳು. ಬರೀ ಒಪ್ಪುವುದಲ್ಲ, ಫೋನಿನಲ್ಲಿ ಮಾತಾಡಿ, ನಕ್ಕು, ಮನಸ್ಸನ್ನೇ ಕೊಟ್ಟುಬಿಟ್ಟಿದ್ದಳು. ಇನ್ನು ಉಳಿದದ್ದು ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿಬರುವ ಶಾಸ್ತ್ರ. ಶ್ರಾವಣ ಹುಟ್ಟಿದ ಕೂಡಲೇ ಅದಕ್ಕೆ ಭಾನುವಾರ ಗೊತ್ತಾಯಿತು.

ಹೊರಡುವವರು ಗಂಗಾಧರಸ್ವಾಮಿ, ಅವರ ಹೆಂಡತಿ ಮಂಗಳಮ್ಮ, ಮಂಗಳಮ್ಮನ ಅಣ್ಣ ಮಹಾದೇವಸ್ವಾಮಿ. ಶುಭಕ್ಕೆ ಮೂರು ಜನ ಹೋಗಬಾರದು ಎಂದು ಲೆಕ್ಕ ತುಂಬಿಸಲು ನನ್ನನ್ನೂ ನನ್ನ ಹೆಂಡತಿ ಕೋಮಲಳನ್ನೂ ಕಾರಿಗೆ ಹತ್ತಿಸಿದರು. ಶಿವರಂಜನಿ ಕಾರಿನ ಕಿಟಕಿಗೆ ಬಗ್ಗಿ ಅಪ್ಪನಿಗೆ ಹೇಳಿದಳು.

"ಅಪ್ಪ, ಉಪ್ಪಿಟ್ಟು ತಿನ್ನಿ, ಕಾಫಿ ಕುಡೀರಿ. ಕೊನೇಲಿ 'ಒಪ್ಪಿಗೆ' ಅಂತ ಒಂದೇ ಒಂದು ಮಾತು ಹೇಳಿ ಬಂದ್ಬಿಡಿ. ಬೇರೆ ಏನೂ ಮಾತಾಡ್ಬೇಡಿ."

"ನಾನ್ಯಾವಾಗ ಮಾತಾಡಿದೀನಮ್ಮ?" ಎಂದರು ಗಂಗಾಧರಸ್ವಾಮಿ, ನಿಜವಾಗಿಯೂ ಆಶ್ಚರ್ಯಪಟ್ಟು.

ಮಲ್ಲಯ್ಯನಹುಂಡಿಯಲ್ಲಿ ನಮಗೆ ಸಿಕ್ಕ ಮರ್ಯಾದೆ ಮಂತ್ರಿಗಳಿಗೂ ಸಿಗಲಾರದು. ಅದಕ್ಕೆ ಕಾರಣವಿತ್ತು. ಬೇಸಾಯ ಮಾಡುವ ಗಂಡಿಗೆ ಹೆಣ್ಣು ಕೊಡುವವರೇ ಇಲ್ಲದ ಕಾಲ. ಆ ಊರಿನ ಅರಳಿಕಟ್ಟೆಯ ಮೇಲೆ ಮದುವೆಯಾಗದ ಗಂಡುಗಳು ಬಸ್ಸು ತಪ್ಪಿದವರ ಹಾಗೆ ಸಾಲಾಗಿ ಕೂತಿದ್ದರು, ಕೆಲವರ ಮೀಸೆಗೆ ಬಣ್ಣವೂ ಬಿದ್ದಿತ್ತು. ಹೋದ ವರ್ಷ ನಂಜೇಶನಿಗೇ ಒಂದು ಸಂಬಂಧ ಕೂಡಿಬಂದು ಮುರಿದಿತ್ತು. ಆ ಹೆಣ್ಣಿನ ತಂದೆ ಕೊಟ್ಟಿಗೆಗೆ ಬಂದು, "ಈ ಹಸು ಎಷ್ಟು ಲೀಟರ್ ಕೊಡುತ್ತೆ?" ಎಂದು ಕೇಳಿದ್ದರಂತೆ. "ಅದು ಓರಿ ಸಾ" ಎಂದು ನಂಜೇಶ ಹೋರಿಯನ್ನು ಹೋರಿಯೆಂದೇ, ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟ. ಅವರು ಮುಖ ಕೆಂಪಗೆ ಮಾಡಿಕೊಂಡು ಹೋದವರು ಮತ್ತೆ ಫೋನ್ ಎತ್ತಲಿಲ್ಲ. "ಎರಡು ಲೀಟ್ರು ಅಂತ ಏಳಿದ್ರೆ ನಿನ್ ಗಂಟೇನ್ಲಾ ಓಗ್ತಿತ್ತು?" ಎಂದು ಅವನ ಅಜ್ಜಿ ಚಲುವಮ್ಮ ವರ್ಷವಿಡೀ ಬೈದಿದ್ದಳು. ಹೆಣ್ಣಿನ ಕಡೆಯವರ ಮಾತಿಗೆ ಎದುರಾಡಕೂಡದು ಎಂದು ಅವತ್ತಿನಿಂದ ಊರಿನಲ್ಲಿ ಕಟ್ಟುಪಾಡಾಗಿತ್ತು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು.

ಉಪ್ಪಿಟ್ಟು ಆಯಿತು, ಕೇಸರಿಬಾತ್ ಆಯಿತು, ಎರಡನೇ ಸಲ ಕೇಸರಿಬಾತ್ ಆಯಿತು. ನಂಜೇಶನ ತಂದೆ ಸಿದ್ದಮಲ್ಲಪ್ಪ ಬೆಲ್ಲದ ಹಾಗೆ ಕರಗಿ ನಿಂತಿದ್ದರು. ಗಂಗಾಧರಸ್ವಾಮಿ ಬಾಯಿ ಒರೆಸಿಕೊಂಡು ಇನ್ನೇನು ಮಗಳು ಹೇಳಿಕೊಟ್ಟ ಆ ಒಂದು ಮಾತು ಹೇಳಬೇಕು, ಅಷ್ಟರಲ್ಲಿ ಮಹಾದೇವಸ್ವಾಮಿ ಹಲ್ಲಿನ ಸಂದಿಯ ಗೋಡಂಬಿ ತೆಗೆಯುತ್ತಾ ಹೇಳಿದರು.

"ಗದ್ದೆ ಕಡೆ ಒಂದು ಹೆಜ್ಜೆ ಹೋಗಿಬರ್ತೀನಿ. ಭಾವ, ನೀವು ಇಲ್ಲೇ ಫ್ಯಾನಿನ ಕೆಳಗೆ ಇರಿ. ನಿಮಗೇನು ತಿಳೀತದೆ ಬಿಡಿ."

ದೇವನೂರಿನಲ್ಲಿ ಮಹಾದೇವಸ್ವಾಮಿಗೆ ಸ್ವಂತ ಗದ್ದೆ ಇದೆ. ಅದನ್ನು ಭಾವನಿಗೆ ನೆನಪಿಸದ ಹಬ್ಬವಿಲ್ಲ. ಗಂಗಾಧರಸ್ವಾಮಿ ತಕ್ಷಣ ಎದ್ದು ಪಂಚೆ ಎತ್ತಿ ಕಟ್ಟಿದರು. ಮಂಗಳಮ್ಮ ಅವರ ಶರಟಿನ ತುದಿ ಹಿಡಿದಳು. ಶರಟು ಜಾರಿಹೋಯಿತು.

ಗದ್ದೆಯ ತಲೆಯಲ್ಲಿ ಒಟ್ಲು ಇತ್ತು. ನಾಟಿಗೆ ಮುಂಚೆ ಭತ್ತದ ಬೀಜ ಚೆಲ್ಲಿ ಪೈರು ಎಬ್ಬಿಸುವ ಮಡಿಗೆ ಆ ಕಡೆ ಒಟ್ಲು ಎನ್ನುತ್ತಾರೆ. ಹುಟ್ಟಿ ಕೆಲವೇ ದಿನದ ಪೈರು ಎಳೆ ಹಸಿರಾಗಿ, ಸಣ್ಣಗೆ, ಗಾಳಿಗೆ ನಡುಗುತ್ತಾ ನಿಂತಿತ್ತು. ನೀರು ಒಳಗೆ ಬರುವ ಮೂಲೆಯಲ್ಲಿ ಮಾತ್ರ ಒಂದು ಗುಂಪು ಗೇಣುದ್ದ ಎದ್ದು, ಕಡುಹಸಿರಾಗಿ, ದಪ್ಪ ಬುಡದೊಂದಿಗೆ ಪೈಲ್ವಾನನ ಹಾಗೆ ನಿಂತಿತ್ತು.

ಊರೆಲ್ಲ ಬದುವಿನ ಮೇಲೆ ಸೇರಿತು. ಗಂಗಾಧರಸ್ವಾಮಿ ಬಗ್ಗಿದರು. ಒಂದು ಎಳೆ ಪೈರು ಕಿತ್ತು ಮೂಸಿದರು, ಬೆಳಕಿಗೆ ಹಿಡಿದರು, ಬೇರನ್ನು ಕಿವಿಯ ಹತ್ತಿರ ಒಯ್ದರು. ಬೇರು ಏನು ಹೇಳಿತೋ ಗೊತ್ತಿಲ್ಲ, ಅವರು ನಿಟ್ಟುಸಿರು ಬಿಟ್ಟು ತಲೆಯಾಡಿಸಿದರು. ಆಮೇಲೆ ಮೂಲೆಗೆ ಹೋಗಿ ಆ ದಪ್ಪ ಗುಂಪನ್ನು ಅಂಗೈಯಿಂದ ನೇವರಿಸಿದರು.

"ಸಿದ್ದಮಲ್ಲಪ್ಪನೋರೆ, ಬೇಜಾರು ಮಾಡ್ಕೋಬೇಡಿ. ಇಡೀ ಒಟ್ಲಲ್ಲಿ ಪೈರು ಅಂತ ಇರೋದು ಇದೊಂದೇ. ಉಳಿದದ್ದೆಲ್ಲ ರೋಗಿಷ್ಠ. ಬಣ್ಣ ನೋಡಿ, ರಕ್ತವೇ ಇಲ್ಲ."

ನಂಜೇಶ ಬಾಯಿ ತೆರೆದ. ಚಲುವಮ್ಮ ಅವನ ತೋಳನ್ನು ಜಿಗುಟಿದ್ದು ನನಗೆ ಕಾಣಿಸಿತು, ಫೋಟೊದವನ ಕಣ್ಣು ಇಂಥದ್ದನ್ನು ಬಿಡುವುದಿಲ್ಲ. ನಂಜೇಶ ಬಾಯಿ ಮುಚ್ಚಿದ. ಸಿದ್ದಮಲ್ಲಪ್ಪ ಜೋರಾಗಿ ಹೂಂಗುಟ್ಟಿದರು.

"ನಮಗೂ ಅಂಗೇ ಅನ್ನಿಸ್ತಿತ್ತು ಸಾ. ಏಳೋಕ್ ಗೊತ್ತಾಯ್ತಿರ್ನಿಲ್ಲ."

"ಏನ್ ಕಣ್ಣು ಸಾ ನಿಮ್ದು" ಎಂದ ಬದುವಿನ ಮೇಲಿಂದ ಮುದುಕ ಜವರಯ್ಯ. "ನಾನು ಉಟ್ಟಿದಾಗಿಂದ ಗದ್ದೆ ಮಾಡ್ತಾವ್ನಿ. ಇಂಗೆ ನೋಡಿದೋರ್ನ ನೋಡೇ ಇಲ್ಲ."

ಅದು ಮಾತ್ರ ನಿಜ.

ವಾಪಸು ಬಂದು ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಗಂಗಾಧರಸ್ವಾಮಿಯ ಮುಂದೆ ಆಮೇಲೆ ನಡೆದದ್ದನ್ನು ಹಿಡಿಯಲು ಕ್ಯಾಮೆರಾ ಇಲ್ಲದೆ ಹೋಗಿದ್ದಕ್ಕೆ ನಾನು ಇವತ್ತಿಗೂ ಮರುಗುತ್ತೇನೆ. ಊರಿನವರು ತಮ್ಮ ತಮ್ಮ ಮನೆಯ ಸಸಿಗಳನ್ನು ಹಿಡಿದು ಸಾಲು ನಿಂತರು. ಪೇಂಟ್ ಡಬ್ಬದಲ್ಲಿ ಟೊಮೆಟೊ, ಒಡೆದ ಬಕೆಟ್ಟಿನಲ್ಲಿ ಮೆಣಸಿನಕಾಯಿ, ಸ್ಟೀಲ್ ತಟ್ಟೆಯಲ್ಲಿ ಒದ್ದೆ ಮಣ್ಣಿನ ಸಮೇತ ರಾಗಿ. ಪ್ರತಿಯೊಂದು ಸಸಿಯ ಹಿಂದೆಯೂ ತಲೆ ಬಾಚಿ ಪೌಡರ್ ಹಾಕಿಕೊಂಡ ಒಬ್ಬ ಮಗ ನಿಂತಿದ್ದ. ತಾಲ್ಲೂಕು ಕಚೇರಿ ಎದುರು ಕೂರುವ ಮನುಷ್ಯನಿಗೆ ನೂರಾರು ಹೆಣ್ಣು ಹೆತ್ತವರ ಪರಿಚಯವಿರುತ್ತದೆ ಎಂದು ಊರು ಲೆಕ್ಕ ಹಾಕಿತ್ತು. ಸಸಿ ನೆಪ, ಮಗ ಅಸಲು.

ಜವರಮ್ಮ ಎಂಬಾಕೆ ಟೊಮೆಟೊ ಡಬ್ಬ ಮುಂದೆ ಇಟ್ಟಳು. ಗಂಗಾಧರಸ್ವಾಮಿ ಎಲೆ ಮಗುಚಿ ನೋಡಿದರು.

"ಕಾಂಡ ನೇರ ಇದೆ. ಬೇರು ಸ್ವಲ್ಪ ನಾಚ್ಕೊಂಡಿದೆ. ದಿನಾ ಬೆಳಗ್ಗೆ ಎದ್ದು ಮಾತಾಡ್ಸಿ."

"ನಮ್ ಉಡ್ಗನ್ನೇ ಯಾರೂ ಮಾತಾಡ್ಸಲ್ಲ ಸಾ, ಇನ್ನು ಸಸಿನ ಯಾರ್ ಮಾತಾಡ್ಸರು" ಎಂದು ಜವರಮ್ಮ ಮಗನನ್ನು ಮುಂದಕ್ಕೆ ತಳ್ಳಿದಳು. "ಇವ್ನೇ ಸಾ. ಟ್ರ್ಯಾಕ್ಟರ್ ಓಡುಸ್ತಾನೆ. ಕುಡಿಯಕಿಲ್ಲ."

ಕೊನೆಗೆ ಸಿದ್ದಮಲ್ಲಪ್ಪ ಕೈ ಮುಗಿದು ಕೇಳಿದರು. "ಅಂಗಾದ್ರೆ ಸಾ, ಒಪ್ಗೆ ಅಂತ ತಿಳ್ಕಳವಾ?"

ಒಂದೇ ಮಾತು. ಹೌದು ಎಂದರೆ ಮುಗಿಯಿತು. ಮಂಗಳಮ್ಮ ಕಣ್ಣಲ್ಲೇ ಬೇಡಿಕೊಂಡಳು. ಆದರೆ ಅಷ್ಟು ಹೊತ್ತು ತೀರ್ಪು ಹೇಳಿದ ನಾಲಿಗೆಗೆ ಅಷ್ಟು ಸುಲಭವಾಗಿ ಕುರ್ಚಿ ಬಿಟ್ಟು ಇಳಿಯಲು ಮನಸ್ಸಾಗಲಿಲ್ಲ.

"ಮೊದ್ಲು ಒಟ್ಲು ಸರಿಯಾಗ್ಲಿ" ಎಂದರು ಗಂಗಾಧರಸ್ವಾಮಿ. "ಬಡಕಲು ಪೈರನ್ನೆಲ್ಲ ಕಿತ್ತುಹಾಕಿ. ಆ ಮೂಲೇದನ್ನ ಬೆಳೆಸಿ. ಮುಂದಿನ ಭಾನುವಾರ ಬಂದು ನೋಡಿ ಹೇಳ್ತೀನಿ. ಒಟ್ಲು ನೋಡ್ಕೊಳ್ಳೋಕೆ ಬರದೋನು ಹೆಂಡ್ತೀನ ಏನು ನೋಡ್ಕೊಂಡಾನು?"

ವಾಪಸು ಬರುವಾಗ ಹದಿನಾರು ಎಂಬ ಊರಿನ ಹತ್ತಿರ ಟೀ ಕುಡಿಯಲು ನಿಲ್ಲಿಸಿದಾಗ ಮಹಾದೇವಸ್ವಾಮಿ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮುಖದಲ್ಲಿ ಹುಣ್ಣಿಮೆ ಬೆಳಗುತ್ತಿತ್ತು.

"ಕಾಂತರಾಜು, ಭಾವ ನೇವರಿಸಿದ್ದು ಏನು ಗೊತ್ತಾ? ಕಳೆ. ಭತ್ತದ ಹಂಗೇ ಕಾಣೋ ಹುಲ್ಲು. ರೋಗಿಷ್ಠ ಅಂದ್ರಲ್ಲ, ಅದು ಒಳ್ಳೇ ಭತ್ತದ ಪೈರು."

"ಅಲ್ಲೇ ಹೇಳ್ಬಾರ್ದಿತ್ತಾ ನೀವು?"

"ನನ್ ತಂಗಿ ಮದ್ವೆ ಆದಾಗಿಂದ ಈ ದಿನಕ್ಕೆ ಕಾಯ್ತಾ ಇದೀನಿ ಕಣಯ್ಯಾ. ಇನ್ನೊಂದು ಭಾನುವಾರ ಕಾಯೋಕಾಗಲ್ವಾ?" ಎಂದು ಅವರು ಎರಡನೇ ಟೀ ಹೇಳಿದರು.

ಶಿವರಂಜನಿ ಬಾಗಿಲಲ್ಲೇ ನಿಂತಿದ್ದಳು. "ಹೇಳಿದ್ರಾ ಅಪ್ಪ?"

"ಒಟ್ಲು ಸರಿಯಿಲ್ಲಮ್ಮ. ಒಂದು ವಾರ ನೋಡೋಣ."

ಅವಳು ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಆಡಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, "ನನಗೆ ಆ ಹುಡುಗ ಬೇಕಿತ್ತು ಅಪ್ಪ" ಎಂದು ಹೇಳಿ ಒಳಗೆ ಹೋದಳು. ಗಂಗಾಧರಸ್ವಾಮಿ ಚಪ್ಪಲಿ ಬಿಡುವುದನ್ನೂ ಮರೆತು ಬಹಳ ಹೊತ್ತು ಅಲ್ಲೇ ನಿಂತಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಬುಧವಾರ ಮಧ್ಯಾಹ್ನ ಅವಳು ನನ್ನ ಸ್ಟುಡಿಯೋಗೆ ಬಂದಳು. ನಂಜೇಶ ಫೋನಿನಲ್ಲಿ ಎಲ್ಲ ಹೇಳಿದ್ದ.

"ಅಂಕಲ್, ಅದು ಕಳೆಯಂತೆ."

"ಗೊತ್ತಮ್ಮ."

"ಅವರ ಮನೆಯವರು ಅದಕ್ಕೆ ಗೊಬ್ಬರ ಹಾಕ್ತಿದಾರಂತೆ. ದೃಷ್ಟಿ ಆಗ್ಬಾರ್ದು ಅಂತ ಅಜ್ಜಿ ಹಳೇ ಸೀರೆ ಸುತ್ತ ಕಟ್ಟಿ ಬೆದರುಗೊಂಬೆ ನಿಲ್ಸಿದಾರಂತೆ."

"ಮತ್ತೆ ಭತ್ತ?"

"ಅದನ್ನ ಅಪ್ಪನಿಂದ ಬಚ್ಚಿಡೋಕೆ ಎಳೇದಿರುವಾಗ್ಲೇ ಕಿತ್ತು, ತೋಪಿನ ಆಚೆ ಗದ್ದೇಲಿ ಒಂದೊಂದೇ ಎಳೆ ದೂರದೂರ ನೆಟ್ಟಿದಾರಂತೆ. ಊರವರೆಲ್ಲ ಬಂದು ನೆಟ್ಟುಕೊಟ್ರಂತೆ." ನಗು ಬಂತು ಅವಳಿಗೆ, ಆಮೇಲೆ ನಿಂತಿತು. "ಭಾನುವಾರ ನಾನೂ ಬರ್ತೀನಿ. ಎಲ್ಲರ ಎದುರಿಗೇ ಇದು ಏನು ಅಂತ ನಂಜೇಶ್ ಅವರನ್ನೇ ಕೇಳ್ತೀನಿ. ನನ್ನ ಅಪ್ಪನಿಗೆ ಹೆದರಿ ಕಳೆನ ಭತ್ತ ಅನ್ನೋರು ನಾಳೆ ಇನ್ನ್ಯಾರಿಗೋ ಹೆದರಿ ನನ್ನೇ ತಪ್ಪು ಅಂತಾರೆ. ಅಂಥೋರು ನನಗೆ ಬೇಡ."

"ಕಳೆ ಅಂದ್ಬಿಟ್ರೆ ನಿಮ್ಮಪ್ಪ ಎದ್ದು ಬಂದ್ಬಿಡ್ತಾರಲ್ಲಮ್ಮ. ಮೊದ್ಲೇ ಅವರಿಗೆ ಹೇಳ್ಬಿಡೋದಲ್ವಾ?"

"ಹೇಳಿದ್ರೆ ಅದು ಭತ್ತವೇ ಅಂತ ಸಾಧಿಸೋಕೆ ಹೊರಡ್ತಾರೆ. ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಹುಡುಗ ಅದನ್ನು ಭತ್ತವೆಂದರೆ ಹೆಣ್ಣು ಹೋಯಿತು, ಕಳೆಯೆಂದರೆ ಮಾವ ಹೋದರು. ಪಾಪದವನು ಅತ್ತ ದರಿ ಇತ್ತ ಪುಲಿ ಎಂದು ನಿಲ್ಲುವಂತಾಯಿತು.

ಭಾನುವಾರ ನಾನು ಮರೆಯದೆ ಕ್ಯಾಮೆರಾ ತೆಗೆದುಕೊಂಡೆ. ಮದುವೆಗೆ ಮುಂಚೆ ಹೆಣ್ಣೇ ಗಂಡಿನ ಮನೆಗೆ ಬಂದಿದ್ದನ್ನು ಕಂಡು ಮಲ್ಲಯ್ಯನಹುಂಡಿ ಒಂದು ಕ್ಷಣ ಬೆಚ್ಚಿತು. ಇನ್ನೊಂದು ಕ್ಷಣದಲ್ಲಿ ಇದನ್ನೂ ಎದುರಾಡದೆ ಒಪ್ಪಿಕೊಂಡಿತು. ಎಲ್ಲರೂ ಸೀದಾ ಗದ್ದೆಗೆ ನಡೆದೆವು.

ಹಳೇ ಸೀರೆಯ ಬೇಲಿಯೊಳಗೆ ಆ ಕಳೆ ಮೊಣಕಾಲುದ್ದ ಬೆಳೆದು, ಕವಲೊಡೆದು, ಮನೆಮಗನ ಠೀವಿಯಲ್ಲಿ ನಿಂತಿತ್ತು. ಅದರ ಪಕ್ಕ ಯಾವುದೋ ಬೀಜದ ಕಂಪನಿಯ ಪ್ರೇಮ್‌ಕುಮಾರ್ ಎಂಬ ಹುಡುಗ ಅಳತೆ ಟೇಪು ಹಿಡಿದು ಕೂತಿದ್ದ. ಬೇಲಿ ಕಂಡು ಇದು ಎದುರಾಳಿ ಕಂಪನಿಯ ಹೊಸ ತಳಿ ಇರಬೇಕೆಂದು ಅವನಿಗೆ ಎರಡು ದಿನದಿಂದ ನಿದ್ದೆ ಇರಲಿಲ್ಲ.

"ಸಾ, ನೀವೇನಾ ಆ ಎಕ್ಸ್‌ಪರ್ಟು?" ಎಂದು ಅವನು ಗಂಗಾಧರಸ್ವಾಮಿಯ ಮುಂದೆ ಎದ್ದು ನಿಂತ. "ಯಾವ ಕಂಪ್ನಿ ತಳಿ ಸಾ ಇದು? ನಾವು ಎಷ್ಟು ಗೊಬ್ಬರ ಹಾಕ್ಸಿದ್ರೂ ಇಷ್ಟು ಬುಡ ಕಟ್ಟಲ್ಲ."

"ತಳಿ ಯಾವುದಾದ್ರೇನಪ್ಪ, ನೋಡೋ ಕಣ್ಣು ಬೇಕು" ಎಂದರು ಗಂಗಾಧರಸ್ವಾಮಿ. ಆಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಬೇಲಿಗೆ ಒಂದು ಸುತ್ತು ಬಂದರು. ಮಹಾದೇವಸ್ವಾಮಿ ಗಂಟಲು ಸರಿಮಾಡಿಕೊಂಡು ಮುಂದೆ ಬರುವುದಕ್ಕೂ ಶಿವರಂಜನಿ ಸೀರೆಯ ಬೇಲಿ ದಾಟುವುದಕ್ಕೂ ಸರಿಹೋಯಿತು.

ಅವಳು ಬಗ್ಗಿ ಒಂದು ಬುಡವನ್ನು ಬೇರು ಸಮೇತ ಕಿತ್ತು, ನಂಜೇಶನ ಮುಂದೆ ಹಿಡಿದಳು.

"ಇದು ಏನು, ನೀವು ಹೇಳಿ."

ನಂಜೇಶ ಅವಳ ಮುಖ ನೋಡಿದ. ಅವಳಪ್ಪನ ಮುಖ ನೋಡಿದ. ಅಜ್ಜಿ ಚಲುವಮ್ಮ ಎರಡು ಬೆರಳು ಸಿದ್ಧ ಮಾಡಿಕೊಂಡು ತೋಳಿನ ಹತ್ತಿರ ಬಂದಳು. ಅರಳಿಕಟ್ಟೆಯ ಗಂಡುಗಳೆಲ್ಲ ತಮ್ಮದೇ ಮದುವೆ ಎಂಬಂತೆ ಬೆವರುತ್ತಿದ್ದರು. ನಂಜೇಶ ಮೆಲ್ಲಗೆ ತೋಳನ್ನು ಆಚೆಗೆ ಸರಿಸಿಕೊಂಡ.

"ಕಳೆ" ಎಂದ. "ಮಾವನೋರು ತಪ್ಪು ತಿಳ್ಕಂಡವ್ರೆ. ಆವತ್ತೇ ಏಳ್ಬೇಕಾಗಿತ್ತು. ನೀವು ಸಿಕ್ಕಲ್ಲ ಅಂತ ಎದ್ರುಕೊಂಡು ಏಳ್ನಿಲ್ಲ. ಅದು ನನ್ ತಪ್ಪು."

"ಕೆಟ್ನಲ್ಲಪ್ಪೋ" ಎಂದು ಚಲುವಮ್ಮ ಬದುವಿನ ಮೇಲೆ ಕೂತೇಬಿಟ್ಟಳು. "ಇವ್ನ ಬಾಯಿಗೆ ಓದ್ ವರ್ಸ ಓರಿ ಸಿಗ್ತು, ಈ ವರ್ಸ ಉಲ್ಲು."

ಪ್ರೇಮ್‌ಕುಮಾರ್ ಟೇಪನ್ನು ಮೆಲ್ಲಗೆ ಜೇಬಿಗೆ ಸೇರಿಸಿದ. ಮಹಾದೇವಸ್ವಾಮಿ ಬಾಯಿ ತುಂಬ ನಕ್ಕು, "ಭಾವ" ಎಂದು ರಾಗ ಎಳೆದರು. ಮುಂದಿನ ಮಾತು ಬಾಯಲ್ಲೇ ಉಳಿಯಿತು. ಯಾಕೆಂದರೆ ಗಂಗಾಧರಸ್ವಾಮಿ ಅವರನ್ನು ನೋಡುತ್ತಿರಲಿಲ್ಲ. ಮಗಳನ್ನು ನೋಡುತ್ತಿದ್ದರು.

ನಾನೂ ಕ್ಯಾಮೆರಾದೊಳಗಿಂದ ಅವಳನ್ನೇ ನೋಡುತ್ತಿದ್ದೆ. ಸಾವಿರಾರು ಮುಖಗಳಿಗೆ ನಗಿ ನಗಿ ಎಂದು ಗೋಗರೆದವನು ನಾನು. ಅಂಥ ನಗು ಯಾರಿಂದಲೂ ಬರಿಸಿರಲಿಲ್ಲ. ಕೈಯಲ್ಲಿ ಕೆಸರು ತೊಟ್ಟಿಕ್ಕುವ ಹುಲ್ಲು ಹಿಡಿದುಕೊಂಡು ಅವಳು ಆ ಹುಡುಗನನ್ನು ನೋಡಿ ನಗುತ್ತಿದ್ದಳು.

ಗಂಗಾಧರಸ್ವಾಮಿಯ ಮುಖದಲ್ಲಿ ಬಣ್ಣಗಳು ಬಂದು ಹೋದವು. ಮೊದಲು ಸಿಟ್ಟಿನದು, ಆಮೇಲೆ ನಾಚಿಕೆಯದು. ಮೂರನೆಯದು ಬರುವಷ್ಟರಲ್ಲಿ ಅವರು ಎರಡು ಕೈ ಎತ್ತಿ ಜೋರಾಗಿ ಚಪ್ಪಾಳೆ ತಟ್ಟಿದರು.

"ಪಾಸ್" ಎಂದರು.

ಯಾರಿಗೂ ಅರ್ಥವಾಗಲಿಲ್ಲ.

"ಒಂದು ವಾರದಿಂದ ಈ ಮಾತಿಗೇ ಕಾಯ್ತಿದ್ದೆ. ಕಳೆ ಯಾವುದು ಪೈರು ಯಾವುದು ಅಂತ ನನಗೆ ಗೊತ್ತಿಲ್ವಾ? ಪಹಣಿ ನೋಡಿದ ಕೈ ಇದು. ಮಾವ ಅಂತ ಹೆದರಿ ಹೂಂ ಅಂತಾನೋ, ನಿಜ ಹೇಳ್ತಾನೋ ಅಂತ ಪರೀಕ್ಷೆ ಇಟ್ಟಿದ್ದೆ. ಸಿದ್ದಮಲ್ಲಪ್ಪನೋರೆ, ಒಪ್ಪಿಗೆ. ನೂರು ಸಲ ಒಪ್ಪಿಗೆ."

ಮಹಾದೇವಸ್ವಾಮಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಅಷ್ಟು ವರ್ಷ ಕಾಯ್ದು ಕೂಡಿಟ್ಟ ಮಾತು ಕಣ್ಣೆದುರೇ ನಾಲೆಯ ಪಾಲಾಗಿತ್ತು. ಊರು ಮಾತ್ರ ಹೋ ಎಂದು ಸಂತೋಷಪಟ್ಟಿತು. "ನಂಗೆ ಆವತ್ತೇ ಅನ್ಮಾನ ಇತ್ತು ಕಣ್ಲಾ, ಅಷ್ಟ್ ದೊಡ್ಡೋರು ಸುಮ್ಕೆ ಉಲ್ಲ ನೇವರಿಸ್ತಾರಾ?" ಎಂದ ಜವರಯ್ಯ. ಜವರಮ್ಮ ಮಾತ್ರ ಒಸಿ ಮುನಿಸಿನಲ್ಲಿ ಕೇಳಿದಳು. "ಅಂಗಾದ್ರೆ ನಾನು ವಾರದಿಂದ ದಿನಾ ಎದ್ದು ಟೊಮೆಟೋನ ಮಾತಾಡುಸ್ತಾ ಇವ್ನಲ್ಲ ಸಾ, ಅದೂವೆ ಪರೀಕ್ಷೆಯಾ?"

"ಅದು ಮುಂದುವರೀಲಿ" ಎಂದರು ಗಂಗಾಧರಸ್ವಾಮಿ.

ಚಲುವಮ್ಮ ಮರುಜನ್ಮ ಬಂದವಳ ಹಾಗೆ ಎದ್ದು, ಬೇಲಿಯ ಸೀರೆ ಬಿಚ್ಚಿ, ಅಷ್ಟೂ ಕಳೆಯನ್ನು ಕಿತ್ತು ಕೊಟ್ಟಿಗೆಗೆ ಹೊತ್ತು ಹಾಕಿದಳು. ನಾವೆಲ್ಲ ಅಲ್ಲಿಗೆ ಬರುವಷ್ಟರಲ್ಲಿ ಒಂದು ದಷ್ಟಪುಷ್ಟ ಪ್ರಾಣಿ ಅದನ್ನು ಕಣ್ಣು ಮುಚ್ಚಿ ಮೆಲ್ಲುತ್ತಿತ್ತು. ಗಂಗಾಧರಸ್ವಾಮಿ ಅದರ ಬೆನ್ನು ತಟ್ಟಿದರು.

"ಒಳ್ಳೇ ಹಸು. ಎಷ್ಟು ಲೀಟರ್ ಕೊಡುತ್ತೆ?"

ಮಲ್ಲಯ್ಯನಹುಂಡಿ ಇಡೀ ನಂಜೇಶನ ಕಡೆ ತಿರುಗಿತು.

"ಅದು ಓರಿ ಮಾವ" ಎಂದ ನಂಜೇಶ.

"ಮತ್ತೆ ಪಾಸ್" ಎಂದರು ಗಂಗಾಧರಸ್ವಾಮಿ, ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು.

ವಾಪಸು ಬರುವಾಗ ಕಾರಿನಲ್ಲಿ ಅವರು ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು. "ಕಾಂತರಾಜು, ಹಾಗಾದ್ರೆ ಭತ್ತ ಯಾವುದಿತ್ತಪ್ಪ ಅಲ್ಲಿ?"

"ರೋಗಿಷ್ಠ, ಕಿತ್ತುಹಾಕಿ ಅಂದ್ರಲ್ಲ ಅಣ್ಣ, ಅದು."

ಅವರು ಊರು ಬರುವವರೆಗೂ ಕಿಟಕಿಯಾಚೆ ಗದ್ದೆಗಳನ್ನೇ ನೋಡುತ್ತಾ ಕೂತರು.

ತಮಾಷೆ ಎಂದರೆ, ಅವರಿಂದ ಬಚ್ಚಿಡಲು ಎಳೆಯದರಲ್ಲೇ ಕಿತ್ತು ದೂರದೂರ ನೆಟ್ಟ ಆ ಭತ್ತ ಬುಡ ಚೆನ್ನಾಗಿ ಕಟ್ಟಿ, ಊರಿಗೇ ಮೊದಲ ಬೆಳೆಯಾಯಿತು. ಈ ಸಲವೂ ಒಂದೊಂದೇ ಎಳೆ ನೆಡುತ್ತೇವೆ ಎನ್ನುತ್ತಾರೆ ಮಲ್ಲಯ್ಯನಹುಂಡಿಯವರು. ಅದಕ್ಕೆ ನಂಜನಗೂಡು ಪದ್ಧತಿ ಎಂದು ಹೆಸರಿಟ್ಟಿದ್ದಾರೆ. ಮಹಾದೇವಸ್ವಾಮಿಗೆ ಇದನ್ನು ಯಾರೂ ಹೇಳಿಲ್ಲ.

ಸುಗ್ಗಿ ಮುಗಿದ ಮೇಲೆ ನಂಜನಗೂಡಿನ ಛತ್ರದಲ್ಲಿ ಮದುವೆಯಾಯಿತು. ಮದುವೆಗೆ ಮುಂಚೆ ಮಡಕೆಗಳಲ್ಲಿ ನವಧಾನ್ಯ ಬಿತ್ತಿ ಮೊಳಕೆ ಎಬ್ಬಿಸುವ ಪದ್ಧತಿ ಸಿದ್ದಮಲ್ಲಪ್ಪನವರ ಮನೆಯಲ್ಲಿದೆ. ಮೊಳಕೆ ಹೇಗೆ ಎದ್ದಿದೆ ಎಂದು ನೋಡಿ, ದಂಪತಿಗಳ ಬಾಳು ಹೇಗಿರುತ್ತದೆಂದು ಹಿರಿಯರು ಹೇಳುತ್ತಾರೆ. ಚಲುವಮ್ಮ ಆ ಮಡಕೆಗಳನ್ನು ಸಾಲಾಗಿ ತಂದು, ಬೇರೆ ಹಿರಿಯರನ್ನೆಲ್ಲ ಬಿಟ್ಟು, ಗಂಗಾಧರಸ್ವಾಮಿಯ ಮುಂದೆ ಇಟ್ಟಳು.

"ನೀವೇ ನೋಡಿ ಏಳ್ಬೇಕು ಬೀಗರೆ. ಎಂಗವೆ?"

ಛತ್ರವೆಲ್ಲ ಸುತ್ತ ಸೇರಿತು. ಮಹಾದೇವಸ್ವಾಮಿ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ಮಂಗಳಮ್ಮನ ಕೈ ಶರಟಿನ ತುದಿಗೆ ಹೋಯಿತು. ಗಂಗಾಧರಸ್ವಾಮಿ ಬಗ್ಗಿದರು. ಬೆರಳು ಮಡಕೆಯ ಅಂಚಿನವರೆಗೂ ಬಂತು, ಬಾಯಿ ಅರ್ಧ ತೆರೆಯಿತು. ಆಗ ಹಸೆಮಣೆಯ ಮೇಲೆ ಕೂತಿದ್ದ ಮಗಳು ತಲೆ ಎತ್ತಿ ಅಪ್ಪನನ್ನು ನೋಡಿದಳು.

ಅವರು ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. ಬಣ್ಣ ನೋಡಲಿಲ್ಲ, ಬೇರು ಕೇಳಲಿಲ್ಲ. ಕನ್ನಡಕ ತೆಗೆದು ಶಲ್ಯದ ತುದಿಯಲ್ಲಿ ಕಣ್ಣೊರೆಸಿಕೊಂಡು, ಅವಳು ಹೇಳಿಕೊಟ್ಟಿದ್ದ ಆ ಒಂದೇ ಮಾತು ಹೇಳಿದರು.

"ಒಪ್ಪಿಗೆ."